ತೋಳು ಎಷ್ಟುದ್ದ ಇಡ್ಲಿ?

ನಿನ್ನೆ ಶುಕ್ರವಾರ ಚರ್ಮದ ಲೈಟ್ ಟ್ರೀಟ್‌ಮೆಂಟಿಂದು ನಂದು 52ನೇ ಸಿಟ್ಟಿಂಗ್ ಮುಗೀತು. ಸದ್ಯಕ್ಕೆ ಲೈಟ್ ಸಾಕು, ಮುಲಾಮು ಮಾತ್ರ ವಾರಕ್ಕೆ ಎರಡ್ ಸಲ ಹಚ್ಕೊ, ಮೂರ್ ತಿಂಗಳು ಬಿಟ್ಟು ಬಾ ಅಂದ್ರು ಡಾಕ್ಟ್ರು. ಎಂಟು ತಿಂಗಳಿಂದ ಮಂಗಳವಾರ ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಅದೇ ಕಾರಿಡಾರು, ಅದೇ ಕಾಲು ಅಲ್ಲಾಡೋ ಬೆಂಚು, ಈಗ ಮಂಗಳವಾರ ಬಂದ್ರೆ ಏನ್ ಮಾಡ್ಲಿ ಅನ್ನಿಸ್ತಿದೆ. ನಾನು ಶುರು ಮಾಡೋ ಮುಂಚೆ ಕನ್ನಡದಲ್ಲಿ ಇದ್ರ ಬಗ್ಗೆ ಯಾರಾದ್ರೂ ಬರ್ದಿದಾರಾ ಅಂತ ಹುಡುಕಿದ್ರೆ ಸಿಕ್ಕಿದ್ದೆಲ್ಲ ಎಣ್ಣೆ ಮಾರೋರ ವಿಡಿಯೋಗಳು, 21 ದಿನದಲ್ಲಿ ಮಾಯ ಅನ್ನೋ ತರದ್ದು. ಅದಕ್ಕೇ ಬರೀತಿದೀನಿ. ಉದ್ದ ಆಗತ್ತೆ, ಟೈಮ್ ಇದ್ದಾಗ ಓದ್ಕೊಳ್ಳಿ.

ನಂಗಿರೋದು ತೊನ್ನು. ಆಸ್ಪತ್ರೆ ಚೀಟೀಲಿ ವಿಟಿಲಿಗೋ ಅಂತ ಬರೀತಾರೆ, ಮರ್ಯಾದೆಯಾಗಿ ಮಾತಾಡೋರು ಬಿಳಿ ಮಚ್ಚೆ ಅಂತಾರೆ. ನಮ್ಮನೇಲಿ ಮಾತ್ರ 12 ವರ್ಷ ಅದಕ್ಕೆ ಹೆಸರೇ ಇರ್ಲಿಲ್ಲ, ಬರೀ "ಅದು". ಯಾರಾದ್ರೂ ನೆಂಟ್ರು ಬಂದ್ರೆ ಅವ್ವ ಅಡಿಗೆಮನೆ ಬಾಗ್ಲಲ್ಲಿ ನಿಂತು ಮೆತ್ತಗೆ, "ಅದು ಕಾಣ್ತಾ ಅದೆ, ಮುಚ್ಕೊ ಮಗ."

ಸೆಕೆಂಡ್ ಪಿಯುಸಿಲಿ ಬಲಗೈ ಹೆಬ್ಬೆರಳ ಗೆಣ್ಣಿನ ಮೇಲೆ ಅಕ್ಕಿಕಾಳಷ್ಟು ಬಿಳಿ ಬಂತು, ಸೀಮೆಸುಣ್ಣ ಅಂದ್ಕೊಂಡು ಲಂಗಕ್ಕೆ ಉಜ್ಜಿದೆ, ಹೋಗ್ಲಿಲ್ಲ. ಎರಡು ವರ್ಷದಲ್ಲಿ ಬೆರಳುಗಳು, ಎರಡೂ ಮೊಣಕೈ, ಕತ್ತಿನ ಎಡಗಡೆ. ಮನೇಲಿ ಮೊದ್ಲು ನಿಂತಿದ್ದು ಮೀನು, ಯಾಕಂದ್ರೆ ಮೀನ್ ತಿಂದು ಹಾಲ್ ಕುಡಿದ್ರೆ ತೊನ್ನಾಗತ್ತೆ ಅಂತ ಅಜ್ಜಿ ಕಾಲದಿಂದ ನಂಬಿಕೆ (ಡಾಕ್ಟ್ರು ಇದಕ್ಕೆ ನಕ್ಕುಬಿಟ್ರು, ನಾನು 12 ವರ್ಷ ಕಳ್ಕೊಂಡ ಮೀನ್ ಸಾರಿಗೆ ಯಾರ್ ಲೆಕ್ಕ ಕೊಡ್ತಾರೆ). ಆಮೇಲೆ ನಾಗದೋಷ ಅಂತ ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡ್ಸಿದ್ದಾಯ್ತು. ಆಮೇಲೆ ಮದ್ದೂರ್ ಕಡೆಯವರು ಯಾರೋ ಒಬ್ರು ಬಾವಂಚಿ ಎಣ್ಣೆ ಕೊಟ್ಟು, ಹಚ್ಕೊಂಡು ಬಿಸಿಲಲ್ಲಿ ಕೂತ್ಕೊ ಅಂದ್ರು. ಏಪ್ರಿಲ್ ತಿಂಗಳು, ಮಂಡ್ಯ ಬಿಸಿಲು, ಮುಕ್ಕಾಲು ಗಂಟೆ. ರಾತ್ರಿಗೆ ಮೊಣಕೈ ಮೇಲೆ ನಿಂಬೆಹಣ್ಣಿನಷ್ಟು ಬೊಬ್ಬೆ. ಬಾವಂಚೀಲಿ ಸೊರಾಲೆನ್ ಅಂತ ಒಂದು ಅಂಶ ಇದೆ, ಅದು ಚರ್ಮನ ಬಿಸಿಲಿಗೆ ಸೂಕ್ಷ್ಮ ಮಾಡತ್ತೆ, ಆಸ್ಪತ್ರೆಗಳಲ್ಲೂ ಸೊರಾಲೆನ್ ಕೊಟ್ಟು ಬೆಳಕಲ್ಲಿ ನಿಲ್ಸೋ ಪದ್ಧತಿ ಇತ್ತು, ಆದ್ರೆ ಅಲ್ಲಿ ಅಳತೆ ಇರತ್ತೆ. ನಮ್ಮ ಹಿತ್ಲಲ್ಲಿ ಎಂಥ ಅಳತೆ. ದಯವಿಟ್ಟು ಮನೇಲಿ ಈ ಪ್ರಯೋಗ ಮಾಡ್ಬೇಡಿ.

ಬೊಬ್ಬೆ ಆದ್ಮೇಲೆ ಮನೇಲಿ ಎಲ್ರೂ ಸುಮ್ನಾದ್ರು. ಅಲ್ಲಿಂದ ಶುರುವಾಗಿದ್ದು ಮುಚ್ಕೊಳ್ಳೋ ಕೆಲಸ. ಕೆಲಸ ಅಂತ ಬೇಕು ಅಂತಲೇ ಹೇಳ್ತಿದೀನಿ, ಸಂಬಳ ಇಲ್ದೆ ಇರೋ ಕೆಲಸ ಅದು. ಬೆಳಗ್ಗೆ 20 ನಿಮಿಷ ಮುಂಚೆ ಏಳ್ಬೇಕು, ಕತ್ತಿಗೆ ಬೆರಳಿಗೆ ಕನ್ಸೀಲರ್ ಹಚ್ಬೇಕು, ಕೈ ತೊಳೆದ್ರೆ ಹೋಗತ್ತೆ ಅಂತ ಆಫೀಸಲ್ಲಿ ಸ್ಪೂನಲ್ಲಿ ಊಟ. ಮುದ್ದೆ ಊಟದ ಮದುವೆ ಮನೆ ಅಂದ್ರೆ ಹೋಗೋದೇ ಇಲ್ಲ. ಸ್ಕೂಟಿ ಓಡ್ಸೋ ಹೆಂಗಸ್ರು ಹಾಕ್ಕೊಳ್ಳೋ ಉದ್ದ ಗ್ಲೌಸ್ ನಂಗೆ ಸ್ಕೂಟಿ ಇಳಿದ್ಮೇಲೂ ಬೇಕು. ಕಸಿನ್ಸ್ ಎಲ್ಲ ಬಲಮುರಿಗೆ ಹೋದ್ರೆ ನಾನು ದಡದಲ್ಲಿ ಬ್ಯಾಗ್ ಕಾಯೋಳು, ಅದೆಷ್ಟು ವರ್ಷ ಕಾದಿದೀನಿ ಅಂದ್ರೆ ಈಗ್ಲೂ ಯಾರಾದ್ರೂ ನೀರಿಗಿಳಿದ್ರೆ ಮೊಬೈಲ್ ನನ್ ಕೈಗೇ ಕೊಡ್ತಾರೆ. ಹೆಣ್ಣು ನೋಡೋಕ್ ಬಂದಾಗ ಕೈ ತುಂಬ ಮದರಂಗಿ. ಮದರಂಗಿ ಬಿಳಿ ಜಾಗದ ಮೇಲೆ ಕಿತ್ತಳೆ ಕೆಂಪಾಗಿ ಎದ್ದು ಕಾಣತ್ತೆ, ಪಕ್ಕದ ಚರ್ಮದ್ ಮೇಲೆ ಬೇರೆ ಬಣ್ಣ, ಕಾಫಿ ತಟ್ಟೆ ಹಿಡಿದ್ರೆ ಗಂಡಿನ ಕಡೆ ಅತ್ತೆ ಒಬ್ರು ಬೆರಳನ್ನೇ ನೋಡ್ತಿದ್ರು. ಎರಡ್ ದಿನ ಬಿಟ್ಟು ಜಾತಕ ಕೂಡಿಬರ್ಲಿಲ್ಲ ಅಂತ ಫೋನ್ ಬಂತು. ಜಾತಕ ಅವ್ರೇ ಮೊದ್ಲೇ ನೋಡ್ಸಿದ್ದು.

ಈಗ ಸಿನಿಮಾ ವಿಷಯ. 2025ರ ದಸರಾ ರಜೆಗೆ ಅಕ್ಕನ ಮಗಳು ನನ್ ರೂಮಿಗೆ ಬಂದಿದ್ಲು, ಮೈಸೂರಲ್ಲಿ ಲೈಟಿಂಗ್ ನೋಡೋಣ ಅಂತ. 11 ವರ್ಷ ಅವಳಿಗೆ. ಮಳೆ ಬಂದು ಹೊರಗ್ ಹೋಗಕ್ಕಾಗ್ಲಿಲ್ಲ, ನೆಟ್‌ಫ್ಲಿಕ್ಸಲ್ಲಿ ಕೆಪಾಪ್ ಡೀಮನ್ ಹಂಟರ್ಸ್ ಹಾಕಿದ್ಲು, ಅವಳಿಗೆ ಅದು ಆರನೇ ಸಲವೋ ಏಳನೇ ಸಲವೋ. ಕಾರ್ಟೂನಾ ಅಂದಿದ್ದಕ್ಕೆ "ಕಾರ್ಟೂನ್ ಅನ್ಬೇಡ ಚಿಕ್ಕಿ, ಅನಿಮೇಷನ್" ಅಂತ ತಿದ್ದಿದ್ಲು. ನಾನು ಪಕ್ಕದಲ್ಲಿ ಬಟಾಣಿ ಸುಲೀತಾ ಕೂತಿದ್ದೆ. (ನೋಡ್ದೆ ಇರೋರು ಮುಂದಿನ ಪ್ಯಾರಾ ಹಾರ್ಸ್ಕೊಂಡು ಹೋಗಿ, ಕತೆ ಎಲ್ಲ ಹೇಳ್ಬಿಡ್ತೀನಿ.)

ಮೂರು ಹುಡುಗೀರು, ರೂಮಿ, ಮೀರಾ, ಜೋಯಿ, ಹಾಡೋ ತಂಡ, ಒಳಗೊಳಗೆ ದೆವ್ವ ಬೇಟೆ ಆಡೋರು. ರೂಮಿ ಅಪ್ಪ ದೆವ್ವ, ಹಂಗಾಗಿ ಅವಳ ಮೈಮೇಲೆ ದೆವ್ವಗಳಿಗಿರೋ ತರದ್ದೇ ಗೆರೆಗಳು, ಪ್ಯಾಟರ್ನ್ಸ್ ಅಂತಾರೆ ಅದಕ್ಕೆ, ಅದು ಹಬ್ತಾ ಹೋಗತ್ತೆ. ಸಾಕಿದ ಸೆಲೀನ್ ಅನ್ನೋಳು ಚಿಕ್ಕೋಳಿದ್ದಾಗಿಂದ ಹೇಳ್ಕೊಟ್ಟಿರೋದು ಒಂದೇ, ಇದು ಯಾರಿಗೂ ಕಾಣ್ಬಾರ್ದು, ಕೆಲಸ ಮುಗುದ್ರೆ ತಾನೇ ಹೋಗತ್ತೆ. ಅದಕ್ಕೆ ರೂಮಿ ಯಾವಾಗ್ಲೂ ಫುಲ್ ತೋಳು. ಗೆಳತೀರು ಸ್ನಾನದ ಮನೆಗೆ ಹೋಗೋಣ ಬಾ ಅಂದ್ರೆ ಏನಾದ್ರೊಂದು ನೆಪ. ನಾನು ಬಟಾಣಿ ಬಿಟ್ಟೆ. ಗೆರೆ ಹಬ್ಬಿದಷ್ಟೂ ಅವಳ ದನಿ ಒಡೆಯಕ್ಕೆ ಶುರುವಾಗತ್ತೆ, ಹಾಡೋಳಿಗೆ ಹಾಡೇ ಬರಲ್ಲ. ಕೊನೆಗೆ ಸ್ಟೇಜ್ ಮೇಲೇ ಎಲ್ಲ ಬಯಲಾಗಿ ಗೆಳತೀರು ದೂರ ಆಗ್ತಾರೆ. ಅಲ್ಲಿ ನಾನು ಸರಿಯಾಗಿ ನೋಡಿದ್ದೇನಂದ್ರೆ ಆ ಹುಡುಗೀರಿಗೆ ಅಷ್ಟು ನೋವಾಗಿದ್ದು ಗೆರೆಯಿಂದ ಮಾತ್ರ ಅಲ್ಲ, ಇಷ್ಟು ವರ್ಷ ಜೊತೆಗಿದ್ದು ಹೇಳ್ದೆ ಇದ್ದದ್ದಕ್ಕೆ. ಆಮೇಲೆ ರೂಮಿ ಸೆಲೀನ್ ಹತ್ರ ಓಡ್ತಾಳೆ, ಮೈತುಂಬ ಗೆರೆ, ಮುಚ್ಚಿಲ್ಲ. ಸೆಲೀನ್ ಅವಳನ್ನ ನೇರ ನೋಡಲ್ಲ. ಮುಚ್ಚೋಣ, ಸರಿ ಮಾಡೋಣ ಅಂತಲೇ ಹೇಳ್ತಾಳೆ, ಅದೂ ಪ್ರೀತಿಯಿಂದ್ಲೇ.

ನಂಗೆ ಅಡಿಗೆಮನೆ ಬಾಗಿಲು ಕಂಡ್ತು.

ಅಳು ಬಂತು ಅಂತ ಬರ್ಯಕ್ಕೆ ನಾಚ್ಕೆ ಏನಿಲ್ಲ ಈಗ. ಹುಡುಗಿ ಪಾಸ್ ಮಾಡಿ ನನ್ ಮುಖ ನೋಡಿ, "ಚಿಕ್ಕಿ ನಿಂದೂ ಪ್ಯಾಟರ್ನ್ಸ್ ಅಲ್ವಾ" ಅಂತ ನನ್ ಮೊಣಕೈ ಮುಟ್ಟಿದ್ಲು. ನಂಗೆ ಗೊತ್ತೇ ಇರ್ಲಿಲ್ಲ ಇವಳು ನೋಡಿದಾಳೆ ಅಂತ. ಯಾವಾಗ್ ನೋಡ್ದೆ ಅಂದ್ರೆ, ಮುಂಚಿಂದ್ಲೂ ಅಂದ್ಲು. ಎಲ್ರಿಗೂ ಗೊತ್ತಿತ್ತು ಅನ್ಸತ್ತೆ, ಮುಚ್ಕೊಂಡಿದ್ದು ಬರೀ ನನ್ನಿಂದ.

ನವೆಂಬರ್ ಮೊದ್ಲನೇ ವಾರ ಒಂದು ಪ್ರೈವೇಟ್ ಸ್ಕಿನ್ ಕ್ಲಿನಿಕ್‌ಗೆ ಹೋದೆ. ಕನ್ಸಲ್ಟೇಷನ್ 600, ಲೈಟ್ ಟ್ರೀಟ್‌ಮೆಂಟ್ ಒಂದ್ ಸಿಟ್ಟಿಂಗಿಗೆ 500. ವಾರಕ್ಕೆರಡು, ಕನಿಷ್ಠ ಆರು ತಿಂಗಳು ಅಂದ್ರು. ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋಳು, ಗುಣಾಕಾರ ತಕ್ಷಣ ಮಾಡ್ಕೊಂಡೆ, 26 ಸಾವಿರ. ಕಂಪ್ನಿ ಇನ್ಶೂರೆನ್ಸ್ ಕೇಳಿದ್ರೆ ಅಡ್ಮಿಟ್ ಆಗ್ದೆ ಇರೋದಕ್ಕೆ ಬರಲ್ಲ ಅಂದ್ರು. ಆಮೇಲೆ ಒಂದು ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಅದೇ ಲೈಟು 150ಕ್ಕೆ ಸಿಗತ್ತೆ ಅಂತ ಗೊತ್ತಾಯ್ತು. ಮೆಷಿನ್ ಅದೇ, 311 ನ್ಯಾನೋಮೀಟರ್ ಆಸುಪಾಸಿನ ನ್ಯಾರೋಬ್ಯಾಂಡ್ ಯುವಿಬಿ ಅನ್ನೋ ಅತಿನೇರಳೆ ಬೆಳಕು. ವ್ಯತ್ಯಾಸ ಅಂದ್ರೆ ಕ್ಯೂ.

ಮೊದಲ ದಿನ ಆಧಾರ್ ತಗೊಂಡ್ ಹೋಗಿ, ಹಳೇ ಚೀಟಿ ಏನಿದ್ರೂ ತಗೊಂಡ್ ಹೋಗಿ, ಯಾವ್ಯಾವ ಮುಲಾಮು ಹಚ್ಚಿದ್ರಿ ಅನ್ನೋದನ್ನ ಬರ್ಕೊಂಡ್ ಹೋಗಿ. ನನ್ ಹತ್ರ ಹಳೇದು ಒಂದು ಚೂರು ಕಾಗದ ಇರ್ಲಿಲ್ಲ, ಯಾಕಂದ್ರೆ ಆ ಕ್ಲಿನಿಕ್‌ಗೆ ಹೋಗೋ ಮುಂಚೆ 12 ವರ್ಷದಲ್ಲಿ ಒಬ್ಬ ಚರ್ಮದ ಡಾಕ್ಟ್ರಿಗೂ ತೋರ್ಸಿರ್ಲಿಲ್ಲ. ಕೌಂಟರಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೋಬೇಕು, ನೆಟ್‌ವರ್ಕ್ ಹೋಗಿ ಮೂರು ಗಂಟೆ ನಿಂತೆ. ನಿಂತಷ್ಟೂ ಹೊತ್ತು ವಾಪಸ್ ಹೋಗ್ಬಿಡೋಣ ಅನ್ನಿಸ್ತಿತ್ತು. "ಚರ್ಮ ಮತ್ತು ಗುಹ್ಯರೋಗ ವಿಭಾಗ" ಅಂತ ದೊಡ್ಡ ಬೋರ್ಡ್ ಬೇರೆ, ಅದ್ರ ಕೆಳಗೆ ಊರೋರು ಯಾರಾದ್ರೂ ನನ್ನ ನೋಡ್ಬಿಟ್ರೆ ಅಂತ ವೇಲ್ ತಲೆಮೇಲೆ ಹೊದ್ಕೊಂಡು ನಿಂತಿದ್ದೆ.

ಒಳಗೆ ಪಿಜಿ ಮಾಡ್ತಿರೋ ಹುಡುಗಿ ಡಾಕ್ಟ್ರು, ನಂಗಿಂತ ಚಿಕ್ಕೋಳು. ಮೊದ್ಲು ಹತ್ತಿ ಎಳೆ ತಗೊಂಡು ಬಿಳಿ ಜಾಗ ಮುಟ್ಟಿ ಗೊತ್ತಾಗತ್ತಾ ಅಂತ ಕೇಳಿದ್ರು, ಕುಷ್ಠದ ಮಚ್ಚೇಲಿ ಸ್ಪರ್ಶ ಕಮ್ಮಿ ಆಗಿರತ್ತೆ, ಇದ್ರಲ್ಲಿ ಇರತ್ತೆ. ಎರಡೂ ಒಂದೇ ಅಂತ ತಿಳ್ಕೊಂಡಿರೋರು ನಮ್ ಕಡೆ ಬೇಕಾದಷ್ಟಿದಾರೆ ಅದಕ್ಕೇ ಹೇಳ್ದೆ. ಇದು ಅಂಟಲ್ಲ. ನಮ್ ಮೈಯ ರಕ್ಷಣೆ ಮಾಡೋ ವ್ಯವಸ್ಥೆನೇ ತಪ್ಪು ತಿಳ್ಕೊಂಡು ಬಣ್ಣ ಮಾಡೋ ಕಣಗಳ ಮೇಲೆ ಬೀಳತ್ತೆ, ಅಷ್ಟೇ. ಥೈರಾಯ್ಡ್ ತೊಂದ್ರೆ ಇದ್ರ ಜೊತೆ ಬರೋದುಂಟು ಅಂತ ರಕ್ತ ಪರೀಕ್ಷೆ ಬರ್ದುಕೊಟ್ರು, ಎಲ್ಲಾ ಸೇರಿ 1,100 ಆಯ್ತು, ನಂದು ನಾರ್ಮಲ್ ಬಂತು.

ಆಮೇಲೆ ಕತ್ತಲೆ ರೂಮು. ವುಡ್ಸ್ ಲ್ಯಾಂಪ್ ಅಂತ ಒಂದು ನೇರಳೆ ಬೆಳಕಿನ ದೀಪ ಇದೆ, ಅದ್ರಲ್ಲಿ ಬರೀ ಕಣ್ಣಿಗೆ ಕಾಣ್ದೆ ಇರೋ ಮಚ್ಚೇನೂ ಕಾಣತ್ತೆ. ಬಾಗ್ಲು ಹಾಕಿ, ತೋಳು ಮೇಲೆತ್ತಿ ಅಂದ್ರು. ಎತ್ತಿದೆ. ಮಚ್ಚೆಗಳೆಲ್ಲ ನೀಲಿ ಬಿಳುಪಾಗಿ ಹೊಳಿಯಕ್ಕೆ ಶುರುವಾಯ್ತು, ಬೆರಳಿಂದ ಮೊಣಕೈ ತನಕ, ನಂಗೇ ಗೊತ್ತಿಲ್ದೆ ಇರೋ ಒಂದು ಮೊಣಕೈ ಹಿಂದೆ. ನಂಗೆ ನಗು ತಡ್ಯಕ್ಕಾಗ್ಲಿಲ್ಲ. ಯಾಕೆ ಮೇಡಂ ಅಂದ್ರು. ಏನಿಲ್ಲ ಡಾಕ್ಟ್ರೆ, ಒಂದ್ ಸಿನಿಮಾ ನೆನಪಾಯ್ತು ಅಂದೆ. ಕತ್ತಲಲ್ಲೇ ಅವರು, "ಡೀಮನ್ ಹಂಟರ್ಸಾ?" ಆ ಹೊತ್ತಿಗೆ ಅರ್ಧ ಹೆದರಿಕೆ ಹೋಯ್ತು.

ಒಂದು ವಿಷಯ ಮೊದ್ಲೇ ಗೊತ್ತಿರ್ಲಿ, ಫೋಟೋ ತೆಗೀತಾರೆ. ಮೊದಲು ಹೆಂಗಿತ್ತು ಆಮೇಲೆ ಹೆಂಗಾಯ್ತು ಅಂತ ಹೋಲ್ಸಕ್ಕೆ. ಒಪ್ಪಿಗೆ ಪತ್ರಕ್ಕೆ ಸೈನ್ ಹಾಕ್ಬೇಕು, ಕನ್ನಡದ್ದು ಕೇಳಿದ್ರೆ ಕೊಡ್ತಾರೆ, ಓದಿ ಹಾಕಿ. ಮುಖ ಬರೋದು ಬೇಡ ಅಂತ ಹೇಳ್ಬಹುದು. ನೀಲಿ ಬಟ್ಟೆ ಮುಂದೆ ಎರಡೂ ಕೈ ಚಾಚಿ ನಿಂತ್ಕೊಂಡಾಗ ಕಳ್ಳಿ ತರ ಅನ್ನಿಸ್ತು ನಂಗೆ. ನನ್ ಕೈ ಫೋಟೋ ಅದೇ ಮೊದಲು.

ಲೈಟ್ ಕೊಡೋ ಮೆಷಿನ್ ಹಳೇ ಎಸ್‌ಟಿಡಿ ಬೂತ್ ತರ, ಒಳಗೆ ಸುತ್ತಲೂ ಉದ್ದುದ್ದ ಟ್ಯೂಬ್‌ಲೈಟು. ಕಪ್ಪು ಕನ್ನಡಕ ಹಾಕ್ಕೊಂಡು ನಿಲ್ಬೇಕು, ಮೊದಲ ದಿನ ಒಂದು ನಿಮಿಷನೂ ಇಲ್ಲ, ಮೂರು ಗಂಟೆ ಕಾದಿದ್ದು ಇದಕ್ಕಾ ಅನ್ಸತ್ತೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾರೆ. ಆಮೇಲೆ ಮಚ್ಚೆ ತೆಳು ಗುಲಾಬಿ ಆಗಿ ಒಂದು ದಿನದೊಳಗೆ ಇಳಿದ್ರೆ ಸರಿ, ಉರಿ ಬಂದು ಉಳಿದ್ರೆ ಮುಂದಿನ ಸಲ ಹೇಳ್ಬೇಕು. ವಾಪಸ್ ಹೋಗೋವಾಗ ಸನ್‌ಸ್ಕ್ರೀನ್. ಜೊತೆಗೆ ಟ್ಯಾಕ್ರೋಲಿಮಸ್ ಮುಲಾಮು, ಟ್ಯೂಬ್ 390 ರೂಪಾಯಿ, ಒಂಬತ್ತು ಟ್ಯೂಬ್ ಹಿಡೀತು. ಮೊದಲ ವಾರ ಹಚ್ಚಿದ ಜಾಗ ಮೆಣಸಿನಪುಡಿ ಮುಟ್ಟಿದಂಗೆ ಉರಿಯತ್ತೆ, ಆಮೇಲೆ ನಿಲ್ಲತ್ತೆ. ಬಿಗಿ ಲಾಡಿ ಕಟ್ಬೇಡಿ, ಕೆರ್ಕೊಬೇಡಿ, ಉಜ್ಜಿದ ಜಾಗ ಗಾಯ ಆದ ಜಾಗದಲ್ಲಿ ಹೊಸ ಮಚ್ಚೆ ಬರಬಹುದು ಅಂತಾರೆ. ನಂಗೆ ಸೊಂಟದ ಸುತ್ತ ಬಂದಿದ್ದು ಲಂಗದ ಲಾಡಿಯಿಂದ್ಲೇ ಇರಬೇಕು ಅಂತ ಆಗ ಗೊತ್ತಾಯ್ತು.

ಬೆಂಚಲ್ಲಿ ಕಾಯೋರು ಒಬ್ರಿಗೊಬ್ರು ಪರಿಚಯ ಆಗ್ತಾರೆ. ರಿಟೈರ್ಡ್ ಬಸ್ ಡ್ರೈವರ್ ಒಬ್ರು, ಕೈ ಪೂರ್ತಿ ಬಿಳಿ, "ಸ್ಟೇರಿಂಗ್ ಹಿಡಿದು ಹಿಡಿದು ಬಣ್ಣ ಹೋಯ್ತು ಕಣ್ ತಾಯಿ" ಅಂತ ಜೋಕ್ ಮಾಡೋರು. ಎಂಟೊಂಬತ್ತು ವರ್ಷದ ಹುಡುಗ ಒಬ್ಬ, ತುಟಿ ಪಕ್ಕ ಮಚ್ಚೆ, ಅವರಮ್ಮ ಕರ್ಚೀಫ್ ಹಿಡ್ಕೊಂಡು ಅವನ ಬಾಯಿ ಮುಚ್ಚಿರೋರು. ನಾನು ಆಗ ಇನ್ನೂ ಗ್ಲೌಸ್ ಹಾಕ್ತಿದ್ದೆ. ಒಂದಿನ ಹುಡುಗ ನನ್ನೇ ನೋಡ್ತಿದ್ದ, ಗ್ಲೌಸ್ ತೆಗೆದು ಕೈ ಅವನ ಮುಂದೆ ಇಟ್ಟೆ. ತುಂಬ ಹೊತ್ತು ನೋಡಿ, "ಆಂಟಿ, ಇದು ಆನೆ ತರ ಇದೆ, ಸೊಂಡ್ಲು ಮುರಿದೋಗಿದೆ" ಅಂದ. ಅವರಮ್ಮ ಅವನ ತೊಡೆ ಚಿವುಟಿದ್ರು. ಆ ಗ್ಲೌಸ್ ಆಮೇಲೆ ಸ್ಕೂಟಿ ಡಿಕ್ಕೀಲೇ ಉಳೀತು.

ತೊಂದ್ರೆಗಳು. ಜನವರೀಲಿ ಮೆಷಿನ್ ಕೆಟ್ಟು 16 ದಿನ ಬಂದ್. ಬಿಟ್ಟ ದಿನ ಜಾಸ್ತಿ ಆದ್ರೆ ಡೋಸ್ ಕಮ್ಮಿ ಮಾಡಿ ಮತ್ತೆ ಮೇಲೆ ತರ್ಬೇಕು, ಅಂದ್ರೆ ವಾರಗಟ್ಲೆ ಹಿಂದಕ್ಕೆ. ಮಾರ್ಚಲ್ಲಿ ತಪ್ಪು ನಂದೇ. ವರ್ಷದ ಕೊನೆ, ಆಫೀಸಲ್ಲಿ ಉಸಿರಾಡಕ್ಕೆ ಬಿಡಲ್ಲ, ಮೂರು ವಾರ ಹೋಗಲೇ ಇಲ್ಲ. ವಾಪಸ್ ಹೋದ ದಿನ ಕಾರ್ಡ್ ಮರ್ತಿದ್ದೆ, ಟೆಕ್ನಿಷಿಯನ್ ಎಷ್ಟ್ ದಿನ ಬಿಟ್ರಿ ಅಂದ್ರೆ ಬೈತಾರೆ ಅಂತ "ಐದಾರು ದಿನ" ಅಂದ್ಬಿಟ್ಟೆ. ಹಳೇ ಡೋಸೇ ಕೊಟ್ರು. ರಾತ್ರಿ ಕತ್ತೆಲ್ಲ ಕೆಂಡ, ಮಗ್ಗುಲಾಗಿ ಮಲಗಕ್ಕಾಗ್ಲಿಲ್ಲ, ಹತ್ತು ದಿನ ಮತ್ತೆ ಲೈಟ್ ಇಲ್ಲ. ಅಭ್ಯಾಸ ನೋಡಿ ಹೆಂಗೆ, ಮಚ್ಚೆ ತೋರ್ಸೋದು ಕಲ್ತಿದ್ದೆ, ಸುಳ್ಳು ಹೇಳೋದು ಇನ್ನೂ ಬಿಟ್ಟಿರ್ಲಿಲ್ಲ. ಮುಂದಿನ ಸಲ ನಿಜ ಹೇಳ್ದೆ, ಅವರು ಬೈಲಿಲ್ಲ, ಕಾರ್ಡ್ ಮೇಲೆ ಕೆಂಪು ಪೆನ್ನಲ್ಲಿ ಗೀಟ್ ಹಾಕಿದ್ರು ಅಷ್ಟೇ.

ಆಫೀಸಿಗೆ ಅರ್ಧ ತೋಳು ಹಾಕ್ಕೊಂಡು ಹೋಗಿದ್ದು ಏಪ್ರಿಲ್ ಮೊದಲ ಸೋಮವಾರ. ಕನ್ಸೀಲರ್ ಇಲ್ಲ. ಮೆಟ್ಲು ಹತ್ತೋವಾಗ ಎದೆ ಹೊಡ್ಕೊಂಡಿದ್ದು ಮೂರನೇ ಮಹಡಿಗೆ ಕೇಳಿರಬೇಕು. ಸರ್ ಒಂದ್ಸಲ ನೋಡಿ, ಆ ಗಿರಣಿಯವರ ಬ್ಯಾಂಕ್ ಸ್ಟೇಟ್‌ಮೆಂಟ್ ಬಂತಾ ಅಂತ ಕೇಳಿದ್ರು. ಒಬ್ರು ಸುಟ್ಕೊಂಡ್ರಾ ಅಂದ್ರು, ಇಲ್ಲ ತೊನ್ನು ಅಂದೆ, ಬಾಯಲ್ಲಿ ಆ ಪದ ಮೊದ್ಲ ಸಲ ಬಂದಿದ್ದು, ಬೇರೆ ಯಾರೋ ಹೇಳ್ದಂಗಿತ್ತು. ಇನ್ನೊಬ್ರು ಊಟದ ಹೊತ್ತಲ್ಲಿ ಡಬ್ಬಿ ಎತ್ಕೊಂಡು ಪಕ್ಕದ ಟೇಬಲ್‌ಗೆ ಹೋದ್ರು, ಇವತ್ತಿಗೂ ಅಲ್ಲೇ ತಿಂತಾರೆ. ನೋವಾಗಲ್ಲ ಅಂತ ಹೇಳಲ್ಲ. ಆದ್ರೆ ಅವತ್ತು ನಾನು 12 ವರ್ಷ ಆದ್ಮೇಲೆ ನಾಲ್ಕು ಜನರ ಮುಂದೆ ಕೈಯಲ್ಲಿ ಅನ್ನ ಸಾರು ಕಲ್ಸಿ ತಿಂದೆ.

ಮೇ ತಿಂಗಳಲ್ಲಿ ಅವ್ವ ಒಂದಿನ ಜೊತೆಗೆ ಬಂತು, ಫ್ರೀ ಬಸ್ಸಲ್ಲಿ, ಡಬ್ಬೀಲಿ ರೊಟ್ಟಿ ಕಟ್ಕೊಂಡು. ಅರ್ಧ ತೋಳು ನೋಡಿ ಏನೂ ಅನ್ಲಿಲ್ಲ, ಬಸ್ ಸ್ಟ್ಯಾಂಡಿಂದ ಆಸ್ಪತ್ರೆ ತನಕ ನನ್ ಎಡಗಡೆ ಮರೆಯಾಗಿ ನಡೀತು, ಕತ್ತು ಇರೋ ಕಡೆ. ಒಳಗೆ ಡಾಕ್ಟ್ರು ಮನೇಲಿ ಬೇರೆ ಯಾರಿಗಾದ್ರೂ ಇದೆಯಾ ಅಂತ ಮತ್ತೆ ಕೇಳಿದ್ರು, ನಾನು ಯಾವಾಗಿನಂತೆ ಇಲ್ಲ ಅಂದೆ. ಅವ್ವ ಸುಮ್ನಿತ್ತು. ಆಮೇಲೆ ಹಣೆಗೆ ಕೈ ಹಾಕಿ ಬಿಂದಿ ಕಿತ್ತು ಟೇಬಲ್ ಅಂಚಿಗೆ ಅಂಟ್ಸಿ, "ನಂಗದೆ" ಅಂತು. ನಾನು ಹುಟ್ಟಿದಾಗಿಂದ ನೋಡಿರೋ ಆ ಎಂಟಾಣೆ ಅಗಲದ ಮೆರೂನ್ ಸ್ಟಿಕ್ಕರ್ ಕೆಳಗೆ ಅಷ್ಟೇ ಅಗಲಕ್ಕೆ ದುಂಡಗೆ ಬೆಳ್ಳಗೆ. ಮಲಗೋವಾಗ್ಲೂ ಅವ್ವ ಬಿಂದಿ ತೆಗೀತಿರ್ಲಿಲ್ಲ. "ನನ್ನಿಂದ್ಲೆಯ ನನ್ ಮಗೀಗ್ ಬಂದದ್ದು ಅಂತ ಯಾರ್ ತಾವ ಹೇಳನ ಡಾಕ್ಟ್ರೆ" ಅಂತು.

ಡಾಕ್ಟ್ರು ಲ್ಯಾಂಪ್ ಹಿಡಿದು ನೋಡಿ, ಬೇರೆ ಎಲ್ಲೂ ಇಲ್ಲ, ಇದು ಬಿಂದಿ ಗೋಂದಿನಿಂದ ಆಗಿರೋ ತರ ಇದೆ ಅಂದ್ರು. ಕೆಲವು ಸ್ಟಿಕ್ಕರ್ ಗೋಂದಲ್ಲಿರೋ ರಾಸಾಯನಿಕ ವರ್ಷಗಟ್ಲೆ ಒಂದೇ ಜಾಗಕ್ಕೆ ತಗಲಿ ಬಣ್ಣ ಸಾಯ್ಸತ್ತಂತೆ, ರಬ್ಬರ್ ಚಪ್ಪಲಿ ಪಟ್ಟಿಯಿಂದ್ಲೂ ಹಂಗಾಗೋದುಂಟಂತೆ. ಅದು ಮಕ್ಕಳಿಗೆ ಬರೋವಂಥದ್ದಲ್ಲ, ಸ್ಟಿಕ್ಕರ್ ಬಿಟ್ಟು ಕುಂಕುಮ ಇಡಿ ಅಂದ್ರು. ಅವ್ವ ಮೂರ್ ಸಲ ಕೇಳ್ತು, ಬರಲ್ವಾ, ಬರಲ್ವಾ ಅಂತ. ಇಷ್ಟು ವರ್ಷ ನಂಗೆ ಮುಚ್ಕೊ ಅಂತಿದ್ದಾಗೆಲ್ಲ ಅವ್ವ ಯಾರದನ್ನ ಮುಚ್ತಿತ್ತು ಅಂತ ಬಸ್ಸಲ್ಲಿ ವಾಪಸ್ ಬರೋವಾಗ ಯೋಚ್ನೆ ಮಾಡ್ತಾ ಕೂತಿದ್ದೆ. ಸೆಲೀನ್ ಮೇಲೆ ಇದ್ದ ಸಿಟ್ಟೂ ಸ್ವಲ್ಪ ಇಳೀತು. ಊಟಕ್ಕೆ ಬಸ್ಸಲ್ಲೇ ರೊಟ್ಟಿ ತಿಂದ್ವಿ, ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಅವ್ವ ನಿದ್ದೆ ಹೋಗಿತ್ತು, ಹಣೆ ಬರಿದಾಗಿ.

ಈಗ ಫಲಿತಾಂಶ ಏನು ಅಂತ ಕೇಳ್ತೀರ. ಕತ್ತು ಮುಕ್ಕಾಲು ತುಂಬಿದೆ, ಕೂದಲಿನ ಬುಡದ ಸುತ್ತ ರಾಗಿ ಚೆಲ್ಲಿದಂಗೆ ಕಂದು ಚುಕ್ಕೆ ಬಂದು ಒಂದಕ್ಕೊಂದು ಕೂಡ್ಕೊಳ್ತು, ಅದು ಮೊದಲು ಕಂಡಿದ್ದು 19ನೇ ಸಿಟ್ಟಿಂಗ್ ಆದ್ಮೇಲೆ, ಅಲ್ಲೀವರೆಗೂ ಏನೂ ಇಲ್ಲ, ಹಂಗಾಗಿ ಮಧ್ಯದಲ್ಲಿ ಬಿಡ್ಬೇಡಿ. ಮೊಣಕೈ ಅರ್ಧ. ಬೆರಳಿಗೆ ಸೊನ್ನೆ. ಮುಖ ಕತ್ತು ಬೇಗ ಕೇಳತ್ತೆ, ಬೆರಳ ತುದಿ ಪಾದ ಹಠಮಾರಿ ಅಂತ ಮೊದಲ ದಿನವೇ ಹೇಳಿದ್ರು, ನಾನೇ ನಂಬಿರ್ಲಿಲ್ಲ. ಖರ್ಚು ಸಿಟ್ಟಿಂಗ್ 7,800, ಮುಲಾಮು 3,510, ಟೆಸ್ಟು 1,100, ಸನ್‌ಸ್ಕ್ರೀನ್ 900, ಆ ಮೊದಲ ಕ್ಲಿನಿಕ್ಕಿನ 600, ಒಟ್ಟು 13,910. ಪೆಟ್ರೋಲ್ ಬಿಟ್ಟು. ಸಿನಿಮಾಲಿ ಕೊನೇಲೂ ರೂಮಿ ಗೆರೆ ಹೋಗಲ್ಲ, ಬಣ್ಣ ಬಣ್ಣವಾಗಿ ಹೊಳಿಯತ್ತೆ, ಆಮೇಲೆ ಮೂರೂ ಜನ ಸ್ನಾನದ ಮನೆಗೆ ಹೋಗ್ತಾರೆ. ಅವಳಿಗೆ ಒಂದು ಹಾಡು ಸಾಕಾಯ್ತು, ನಂಗೆ 52 ಸಲ ಬೂತಲ್ಲಿ ನಿಲ್ಬೇಕಾಯ್ತು, ಬೆರಳು ಹೊಳಿಯೋದೂ ಇಲ್ಲ, ಸುಮ್ನೆ ಬೆಳ್ಳಗಿದೆ.

ನಿನ್ನೆ ಸಿಟ್ಟಿಂಗ್ ಮುಗ್ಸಿ ಸೀದಾ ಮಂಡ್ಯಕ್ಕೆ ಬಂದೆ. ಶ್ರಾವಣದಲ್ಲಿ ಚಿಕ್ಕಪ್ಪನ ಮಗನ ಮದುವೆ, ಬ್ಲೌಸ್ ಹೊಲ್ಸಕ್ಕೆ ಅವ್ವನ ಜೊತೆ ಟೈಲರ್ ಹತ್ರ ಹೋದ್ವಿ. ಅದೇ ಟೈಲರಣ್ಣ, ಪಿಯುಸಿಯಿಂದ ನನ್ನ ಅಳತೆ ಅವರ ಬುಕ್ಕಲ್ಲಿದೆ, ತೋಳು 21 ಅಂತ. ಟೇಪ್ ಕತ್ತಿಗೆ ಹಾಕ್ಕೊಂಡು ಬುಕ್ ತಿರುವ್ತಾ ಅಭ್ಯಾಸಕ್ಕೆ ಕೇಳಿದ್ರು, "ತೋಳು ಎಷ್ಟುದ್ದ ಇಡ್ಲಿ, ಫುಲ್ಲೇ ತಾನೆ?"

ನಾನು ಬಾಯಿ ಬಿಡೋ ಮುಂಚೆ ಅವ್ವ ಅಂತು, "ಆರ್ ಇಂಚ್ ಇಡಪ್ಪ. ಸೆಕೆ ಅಂತೆ ಅವಳ್ಗೆ."